ಗೆರೆಯ ಕೆಳಗಿನ ಮನೆ

ಏಣಿಯಿಂದ ಬಿದ್ದ ಮೇಲೆ ಪೇಂಟರ್‌ಗೆ ಜನರಿಂದ ಧಾರಾಳವಾಗಿ ಸಿಕ್ಕಿದ್ದು ಒಂದೇ ಒಂದು ಪದ: ಪಾಪ. ಔಷಧಿ ಅಂಗಡಿಯವನು ಪಾಪ ಎಂದ. ಬಸ್ ಕಂಡಕ್ಟರ್ ಪಾಪ ಎಂದು, ಹತ್ತಿಸಿಕೊಳ್ಳದೆ ರೈಟ್ ಎಂದ. "ನಾನು ಮಾಡ್ತಿದ್ದಿದ್ದು ಅಂಗಡಿ ಬೋರ್ಡು. ಇಷ್ಟೊಂದು ಪಾಪ ಯಾವಾಗ ಮಾಡ್ದೆ?" ಎಂದು ಅವನೇ ಕೇಳುತ್ತಿದ್ದ. ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಭಾಷಣ ಬಿಗಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೈಯೆಲ್ಲ ಎಂದರೆ ಸೊಂಟದಿಂದ ಮೇಲೆ. ಕೆಳಗೆ ಉರಿ, ಚಳಿ ಯಾವುದೂ ತಿಳಿಯುತ್ತಿರಲಿಲ್ಲ.

ಆಪರೇಟರ್ ಅವನಿಗೆ ಸಿಕ್ಕಿದ್ದು ಫಿಸಿಯೋಥೆರಪಿ ಕೋಣೆಯಲ್ಲಿ. ಲಿಫ್ಟ್ ಕಂಪನಿಯೊಂದರ ಪರವಾಗಿ ದೂರದಿಂದಲೇ, ಫೋನಿನಲ್ಲಿ, ದೂರು ಕೇಳುವುದು ಅವಳ ಕೆಲಸ. ಸಣ್ಣ ವಯಸ್ಸಿಗೇ ಲಕ್ವ ಹೊಡೆದು ಎಡಗೈ ಕೈಕೊಟ್ಟಿತ್ತು, ಎಡಗಾಲು ಅದರ ಹಿಂದೆಯೇ ಹೋಗಿತ್ತು. ಬಲಗೈ ಗಟ್ಟಿಯಿತ್ತು, ಪೇಂಟರ್ ಅದನ್ನೇ ಹಿಡಿದ. "ಮದುವೆ ಸರಿ, ಯಾರನ್ನ ಯಾರು ನೋಡ್ಕೋತಾರೆ?" ಎಂದು ಎರಡೂ ಕಡೆಯವರು ಕೇಳಿದರು. "ಒಬ್ಬರನ್ನೊಬ್ಬರು ನೋಡ್ಕೊಂಡೇ ತಾನೇ ಒಪ್ಪಿದ್ದು?" ಎಂದಳು ಅವಳು.

ಮದುವೆಯಾಗಿ ಹೋಗಿದ್ದು ಪೇಂಟರ್‌ನ ಅಕ್ಕನ ಮನೆಗೆ. ಅಕ್ಕ ಕೆಟ್ಟವಳಲ್ಲ; ಕೆಟ್ಟವಳಾಗಿದ್ದರೆ ಜಗಳವಾಡಿ ಎಂದೋ ಹೊರಬರಬಹುದಿತ್ತು. ತಮ್ಮನಿಗೆ ಹಾಲ್‌ನಲ್ಲಿ ಮಂಚ, ಅವನ ಹೆಂಡತಿಗೆ ಮಕ್ಕಳ ಕೋಣೆಯಲ್ಲಿ ಹಾಸಿಗೆ. "ಒಂದೇ ಕೋಣೆ ನಿಮಗ್ಯಾಕೆ, ಸುಮ್ನೆ ತೊಂದ್ರೆ" ಎಂದಿದ್ದಳು. ಬಚ್ಚಲಿಗೆ ಹೋಗಬೇಕೆಂದರೆ ಭಾವ ಬರಬೇಕು. ಭಾವ ಬರಬೇಕೆಂದರೆ ಟೀವಿಯಲ್ಲಿ ಜಾಹೀರಾತು ಬರಬೇಕು. ಬಂದ ನೆಂಟರು ಅವನ ಮುಂದೆಯೇ ನಿಂತು, "ಇವನಿಗೆ ಸಕ್ಕರೆ ಹಾಕ್ಬೋದಾ?" ಎಂದು ಅಕ್ಕನನ್ನು ಕೇಳುತ್ತಿದ್ದರು. ಅವನು ಬಿದ್ದಿದ್ದು ಬೆನ್ನ ಮೇಲೆ. ನಾಲಿಗೆಗೆ ಏನೂ ಆಗಿರಲಿಲ್ಲ.

ಬೇರೆ ಮನೆ ಮಾಡುತ್ತೇವೆಂದಾಗ ಅಕ್ಕ ಅತ್ತಳು, ಉಪವಾಸ ಕೂತಳು, ಕೊನೆಗೆ ಷರತ್ತು ಹಾಕಿದಳು. ಮನೆಯ ಇನ್ನೊಂದು ಕೀ ತನ್ನ ಹತ್ತಿರ ಇರಬೇಕು. ಒಂದೇ ಒಂದು ಸಲ ಬಿದ್ದರೂ ಸಾಕು, ಗಂಟುಮೂಟೆ ಕಟ್ಟಿ ವಾಪಸ್ಸು ಬರಬೇಕು. ಪೇಂಟರ್ ತಲೆಯಾಡಿಸಿದ.

ನೆಲಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಪೇಂಟರ್ ಮೊದಲು ಮಾಡಿದ ಕೆಲಸವೆಂದರೆ ಗಾಲಿಕುರ್ಚಿಯಲ್ಲಿ ಕೂತು ಕೈಚಾಚಿ, ಬೆರಳು ಮುಟ್ಟುವ ಎತ್ತರದಲ್ಲಿ ನಾಲ್ಕೂ ಗೋಡೆಗೆ ನೀಲಿ ಗೆರೆ ಎಳೆದಿದ್ದು. ಎಲ್ಲಿಯೂ ನಡುಗದ, ಬೋರ್ಡ್ ಬರೆಯುವ ಕೈಯ ಗೆರೆ. ಆ ಮನೆಯ ಸಂವಿಧಾನ ಅಷ್ಟೇ: ಬೇಕಾದದ್ದೆಲ್ಲ ಗೆರೆಯ ಕೆಳಗೆ. ಸ್ಟವ್, ಪಾತ್ರೆ, ಮಾತ್ರೆ, ಬಟ್ಟೆ, ಬಣ್ಣದ ಡಬ್ಬ. ಗೆರೆಯ ಮೇಲೆ ಫ್ಯಾನು, ಹಲ್ಲಿ, ಓನರ್ ಹೊಡೆದು ಬಿಟ್ಟುಹೋದ ಮೊಳೆ. ಅವನು ತಗ್ಗು ಮೇಜಿನ ಮೇಲೆ ನೇಮ್‌ಪ್ಲೇಟ್ ಬರೆಯುತ್ತಿದ್ದ. ಅವಳು ಮಂಚದ ಅಂಚಿನಲ್ಲಿ ಕೂತು, ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರ ಬೈಗುಳ ಕೇಳುತ್ತಿದ್ದಳು. ಅನ್ನ ಸೀದರೆ ಇಬ್ಬರೂ ಕಿತ್ತಾಡುತ್ತಿದ್ದರು. ಬಿಡಿಸಲು ಯಾರೂ ಬರುತ್ತಿರಲಿಲ್ಲ. ಅದೇ ಸುಖ.

ಒಂದು ದಿನ ಅವಳ ಎಡಗಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿಯ ಅಳತೆಗೆಂದು ಇಬ್ಬರೂ ಆಸ್ಪತ್ರೆಗೆ ಹೋಗಿ ಸಂಜೆ ಬಂದರು. ಬಾಗಿಲು ತೆರೆದೇ ಇತ್ತು. ಒಳಗೆ ಅಕ್ಕ, ಮುಖದ ತುಂಬ ನಗು, ಸೆರಗಿನ ತುಂಬ ಸುಣ್ಣ.

"ಹೇಗಿದೆ? ಈಗ ಮನೆ ಮನೆ ಥರ ಇದೆ, ಅಲ್ವಾ?"

ಗೋಡೆಗಳೆಲ್ಲ ಹಾಲುಬಿಳಿ. ಗೆರೆ ಇರಲಿಲ್ಲ. ಅಡುಗೆಮನೆಯಲ್ಲಿ, ಕೋಣೆಯಲ್ಲಿ, ಮಂಚದ ತಲೆಯ ಮೇಲೆ ಹೊಸ ಕಪಾಟುಗಳು. ತಮ್ಮನ ಬದುಕು ಮೇಲಾಗಲೆಂದು ಅಕ್ಕ ಎಲ್ಲವನ್ನೂ ಮೇಲಿಟ್ಟಿದ್ದಳು. ಟೀ ಡಬ್ಬಿ, ಕುಕ್ಕರ್, ಮಾತ್ರೆಯ ಡಬ್ಬ. "ಎಲ್ಲ ನೆಲದ ಮೇಲೆ ಹರಡ್ಕೊಂಡಿತ್ತು, ಭಿಕ್ಷುಕರ ಮನೆ ಹಾಗೆ. ನೋಡೋಕೇ ಆಗ್ತಿರ್ಲಿಲ್ಲ."

ಪೇಂಟರ್ ಗೋಡೆ ನೋಡಿದ. ಬಣ್ಣ ಹೊಡೆದವನು ಮೂಲೆ ಬಿಟ್ಟಿದ್ದ, ಕಿಟಕಿಯ ಕೆಳಗೆ ಸೋರಿಸಿದ್ದ. ಹೇಳಲು ಎಷ್ಟೋ ಇತ್ತು. ಅಕ್ಕನ ಕೆನ್ನೆಗೆ ಮೆತ್ತಿದ್ದ ಸುಣ್ಣ ನೋಡಿ, "ಚೆನ್ನಾಗಿದೆ" ಎಂದುಬಿಟ್ಟ.

ಆಪರೇಟರ್ ಅವನ ಮುಖವನ್ನೇ ನೋಡಿದಳು.

ರಾತ್ರಿ ಊಟ ಅಕ್ಕ ತಂದದ್ದೇ ಇತ್ತು. ಬೆಳಿಗ್ಗೆ ಆಪರೇಟರ್‌ಗೆ ಬಿ.ಪಿ. ಮಾತ್ರೆ ಬೇಕಾಯಿತು. ಫೋನನ್ನೂ ಅಕ್ಕ ಮೇಲಿನ ಹೊಸ ಪ್ಲಗ್ಗಿಗೇ ಚಾರ್ಜಿಗೆ ಹಾಕಿ ಹೋಗಿದ್ದಳು. ಪೇಂಟರ್ ಪೊರಕೆಯಿಂದ ಡಬ್ಬ ಬೀಳಿಸಲು ನೋಡಿದ. ಅದು ಇನ್ನಷ್ಟು ಹಿಂದಕ್ಕೆ ಸರಿಯಿತು. ಆಪರೇಟರ್ ಅವನ ಬಣ್ಣದ ಸ್ಟೂಲಿನ ಮೇಲೆ ಬಲಗಾಲಿಟ್ಟು ಹತ್ತಿದಳು.

"ಬೇಡ ಕಣೇ."

"ಬೇಡ ಅನ್ನೋದು ನಿನ್ನೆ ಹೇಳ್ಬೇಕಿತ್ತು."

ಸ್ಟೂಲು ವಾಲಿತು. ಅವಳು ಎಡಮಗ್ಗುಲಾಗಿ ಬಿದ್ದಳು. ಪೇಂಟರ್ ಕುರ್ಚಿಯಿಂದ ಜಾರಿ, ಮೊಣಕೈ ಊರಿಕೊಂಡು ತೆವಳಿ, ಅವಳ ಪಕ್ಕ ಬಂದ.

"ಪೆಟ್ಟಾಯ್ತಾ?"

"ಆ ಕಡೆ ಅರ್ಧಕ್ಕರ್ಧ ಗೊತ್ತೇ ಆಗಲ್ಲ. ಲಾಭ." ತಲೆ, ಭುಜ, ಸೊಂಟ ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಆಮೇಲೆ ಸಿಡಿದಳು. "ಚೆನ್ನಾಗಿದೆಯಂತೆ! ಏನು ಚೆನ್ನಾಗಿತ್ತು? ನನ್ನ ಮನೇಲಿ ನನ್ನ ಮಾತ್ರೆ ನನಗೆ ಸಿಗಲ್ಲ, ಅದು ಚೆನ್ನಾಗಿತ್ತಾ?"

"ಅಷ್ಟೆಲ್ಲ ಮಾಡಿದ್ಲು, ಮುಖದ ಮೇಲೆ ಹೇಗೆ ಹೇಳ್ಲಿ?"

"ದಿನಾ ನೂರು ಜನ ನನ್ನ ಕಿವಿಗೇ ಹೇಳ್ತಾರೆ. ನೀನು ಒಬ್ಬಳಿಗೆ ಹೇಳೋಕಾಗ್ಲಿಲ್ಲ."

"ಪಕ್ಕದ ಮನೆಯವರನ್ನ ಕೂಗ್ಲಾ?"

"ಕೂಗು. ಅವರು ನಿಮ್ಮಕ್ಕನಿಗೆ ಫೋನ್ ಮಾಡ್ತಾರೆ. ಮಧ್ಯಾಹ್ನದೊಳಗೆ ನೀನು ಹಾಲ್‌ನಲ್ಲಿ, ನಾನು ಮಕ್ಕಳ ಕೋಣೆಯಲ್ಲಿ."

ಅವನು ಕೂಗಲಿಲ್ಲ. ಕೂಗುವ ಅಗತ್ಯವೂ ಬೀಳಲಿಲ್ಲ. ಬಾಗಿಲಲ್ಲಿ ಕೀ ತಿರುಗಿತು. ಬೆಲ್ ಇಲ್ಲ, ಕೆಮ್ಮು ಇಲ್ಲ. ಅಕ್ಕ ತಿಂಡಿ ಡಬ್ಬಿಯೊಂದಿಗೆ ಒಳಗೆ ಬಂದಳು, ನೋಡಿದಳು, ಕಿರುಚಿದಳು.

"ಅಯ್ಯೋ ಪುಟ್ಟಾ! ನಾನು ಬಡ್ಕೊಂಡೆ! ಬಡ್ಕೊಂಡೆ ತಾನೇ? ಇರು, ಎತ್ತುತೀನಿ."

"ಮುಟ್ಬೇಡ!" ಪೇಂಟರ್ ಮೊಣಕೈ ಎತ್ತಿ ಅಡ್ಡ ಹಿಡಿದ.

"ಹುಚ್ಚಾ? ನಿನ್ನನ್ನ ಎತ್ತಿ ಆಡಿಸಿದ ಕೈ ಕಣೋ ಇದು."

"ಆಗ ನಂಗೆ ಹಲ್ಲು ಬಂದಿರ್ಲಿಲ್ಲ. ಈಗ ಗಡ್ಡ ನರೀತಿದೆ. ಹಿಂದೆ ಸರಿ."

ಅವನು ಹೆಂಡತಿಯ ಎಡಪಾದಕ್ಕೆ ತನ್ನ ಮೈಭಾರವನ್ನೆಲ್ಲ ಅಡ್ಡ ಕೊಟ್ಟು, ಜಾರದಂತೆ ಒತ್ತಿಹಿಡಿದ. ಅವಳು ಮಂಚದ ಅಂಚು ಹಿಡಿದು ಬಲಗಾಲಿನಲ್ಲಿ ಒತ್ತಿದಳು. ಅರ್ಧ ಎದ್ದು ಕುಸಿದಳು. ಅಕ್ಕನ ಕೈ ತಾನಾಗಿ ಮುಂದೆ ಬಂತು.

"ನಂಗೆ ನೋಡೋಕಾಗಲ್ಲ."

"ನೋಡ್ಬೇಡಿ ಅಕ್ಕಾ," ಏದುಸಿರಿನಲ್ಲೇ ಹೇಳಿದಳು ಆಪರೇಟರ್. "ಗೋಡೆ ಕಡೆ ತಿರುಗಿ. ಆಸೆಪಟ್ಟು ಬಣ್ಣ ಹೊಡೆಸಿದ್ದೀರಲ್ಲ, ಅದನ್ನ ನೋಡಿ."

ಮತ್ತೆ ಒತ್ತಿದಳು. ಈ ಸಲ ಸೊಂಟ ಮಂಚಕ್ಕೆ ತಾಗಿತು. ಉಸಿರು ಹತೋಟಿಗೆ ಬಂದ ಮೇಲೆ ಕುರ್ಚಿಯನ್ನು ಎಳೆದು ಬ್ರೇಕ್ ಹಾಕಿದಳು. ಅವನು ಮೊದಲು ಬಣ್ಣದ ಡಬ್ಬದ ಮೇಲೆ, ಅಲ್ಲಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ಕೈಬಲದಿಂದಲೇ ಏರಿದ. ಡಬ್ಬಿಯಲ್ಲಿದ್ದ ತಿಂಡಿ ತಣ್ಣಗಾಗಿತ್ತು. ಅಕ್ಕ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದಳು.

"ಆಯ್ತಲ್ಲ?" ಕಣ್ಣೊರೆಸಿಕೊಂಡು ತಿರುಗಿದಳು. "ಬಿದ್ರೆ ಬರ್ತೀನಿ ಅಂತ ಒಪ್ಪಿದ್ದೆ. ಸಾಮಾನು ಕಟ್ಟು."

"ಸುಳ್ಳು ಹೇಳಿದ್ದೆ," ಎಂದ ಪೇಂಟರ್. "ನಿಮ್ಮನೆ ಹೊಸ್ತಿಲು ದಾಟೋಕೆ ಆವತ್ತು ಏನು ಕೇಳಿದ್ರೂ ಹ್ಞೂಂ ಅಂತಿದ್ದೆ. ನಿನ್ನೆ ಚೆನ್ನಾಗಿದೆ ಅಂದಿದ್ದೂ ಸುಳ್ಳೇ. ಇವಳು ಬಿದ್ದಿದ್ದು ಲಕ್ವದಿಂದಲ್ಲ ಅಕ್ಕಾ. ನೀನು ಮಾತ್ರೆನ ಅಟ್ಟಕ್ಕೇರಿಸಿದ್ದಕ್ಕೆ."

"ನಿಮ್ಮ ಒಳ್ಳೇದಕ್ಕೆ ಮಾಡಿದ್ದು!"

"ಗೊತ್ತು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ."

"ನಾಳೆ ಇಬ್ರೂ ಇಲ್ಲೇ ಬಿದ್ದು ಸತ್ರೆ?"

ಉತ್ತರ ಬಂದದ್ದು ಮಂಚದಿಂದ. "ನಮ್ಮನೇಲಿ ಬಿದ್ದು ಸಾಯ್ತೀವಿ. ನಿಮ್ಮನೇಲಿ ಕೂತು ಸಾಯಲ್ಲ. ಮೊದಲು ಆ ಮಾತ್ರೆ ಡಬ್ಬ ಇಳಿಸಿ."

ಅಕ್ಕ ಇಳಿಸಿದಳು. ಆಮೇಲೆ ಟೀ ಡಬ್ಬಿ, ಕುಕ್ಕರ್, ಫೋನು. ಒಂದೊಂದಕ್ಕೂ "ಎಲ್ಲಿಡಲಿ?" ಎಂದು ಕೇಳಬೇಕಾಯಿತು. ಆ ಮನೆಯಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.

ಕೊನೆಗೆ ಪೇಂಟರ್ ಕೈಚಾಚಿದ. "ಕೀ."

ಅಕ್ಕ ಸೊಂಟದಿಂದ ಗೊಂಚಲು ತೆಗೆದಳು. ಬಿಗಿಯಾದ ರಿಂಗು, ಉಗುರು ಹಾಕಿದಳು, ಉಗುರು ಮುರಿಯಿತು, ಹಲ್ಲಿನಲ್ಲಿ ಕಚ್ಚಿದಳು. ಅವಳ ಒದ್ದಾಟ ನೋಡಲಾಗದೆ ತಮ್ಮ ಕುರ್ಚಿ ಮುಂದಕ್ಕೆ ತಳ್ಳಿ, "ಕೊಡಿಲ್ಲಿ, ನಾನು ತೆಗೀತೀನಿ" ಎಂದ.

"ಬಿಡು!" ಅಕ್ಕ ಗೊಂಚಲನ್ನು ಎದೆಗೆ ಎಳೆದುಕೊಂಡಳು. "ನಂಗೆ ಬರುತ್ತೆ. ನಾನೇ ತೆಗೀತೀನಿ."

ಪೇಂಟರ್ ಕುರ್ಚಿ ಹಿಂದಕ್ಕೆ ಸರಿಸಿದ. ಗಂಡ ಹೆಂಡತಿ ಇಬ್ಬರೂ ಕಾದರು.