ಮೊದಲು ಕಸ ಹಾಕಿದವರು

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಗೆ ಹೊಂದಿಕೊಂಡೇ ನಮ್ಮದು ಹತ್ತು ಗುಂಟೆ ಜಾಗವಿದೆ. ಮನೆ ಕಟ್ಟಬೇಕೆಂದು ನಾನೂ ನನ್ನ ಹೆಂಡತಿಯೂ ತೆಗೆದುಕೊಂಡದ್ದು. ಅವಳು ತೀರಿಕೊಂಡ ಮೇಲೆ ಎರಡು ವರ್ಷ ನಾನು ಅತ್ತ ತಲೆ ಹಾಕಲಿಲ್ಲ. ನಾನು ಬಸ್ ಕಂಡಕ್ಟರ್, ಆ ರಸ್ತೆಯಲ್ಲೇ ಓಡಾಡುವವನು. ಆದರೂ ಆ ತಿರುವು ಬಂದಾಗಲೆಲ್ಲ ಬೇಕೆಂದೇ ಟಿಕೆಟ್ ಮಷೀನಿನ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದೆ. ನಮಗೆ ಮಕ್ಕಳಿಲ್ಲ. ಜೊಯಿಡಾಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿಯುವ ವಸ್ತಿ ಬಸ್ಸಿನ ಡ್ಯೂಟಿ ಯಾರಿಗೂ ಬೇಡವಾದರೆ ನಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಮನೆಗೆ ಹೋಗಿ ಮಾಡುವುದಾದರೂ ಏನಿತ್ತು?

ಹೀಗಿರುವಾಗ ಪಂಚಾಯ್ತಿಯಿಂದ ನೋಟಿಸು ಬಂತು. ನಿಮ್ಮ ಜಾಗದಲ್ಲಿ ಕಸ ಬಿದ್ದು ನಾರುತ್ತಿದೆ, ಕೂಡಲೇ ಸ್ವಚ್ಛ ಮಾಡಿಕೊಳ್ಳಿ ಎಂದಿತ್ತು. ಹೋಗಿ ನೋಡಿದರೆ ಆಳೆತ್ತರದ ಗುಡ್ಡೆ. ಕೋಳಿ ಪುಕ್ಕ, ಒಡೆದ ಕಮೋಡು, ಥರ್ಮಾಕೋಲು, ಮದುವೆ ಊಟದ ತಟ್ಟೆಗಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಕಿದವರು ಯಾರೋ, ಬಾಚಬೇಕಾದವನು ನಾನು! ನೋಟಿಸು ಹಿಡಿದುಕೊಂಡು ಪಂಚಾಯ್ತಿಗೆ ಹೋಗಿ ಜೋರು ಮಾಡಿದೆ. ಅಲ್ಲಿನ ಗುಮಾಸ್ತರು ಕುರ್ಚಿ ತೋರಿಸಿದರು.

"ಕುಂದರ್ರಿ ಮೊದಲ. ಹೆಸರಿರೋ ಒಂದ ಕಾಗದ ಹುಡುಕಿ ತರ್ರಿ, ದಂಡ ಹಾಕೇ ಬಿಡ್ತೀವಿ. ಖರೇ ಹೇಳ್ಬೇಕಂದ್ರ, ಮೊದಲ ಹಾಕ್ದಾಂವ ಸಿಗಬೇಕ್ರಿ. ಅಂವಾ ಒಬ್ಬ ಹಾಕಿರ್ತಾನ, ಉಳದವ್ರು ಅದನ್ನ ನೋಡಿ ಹಾಕ್ಕೋಂತ ಹೋಗ್ತಾರ."

ಆ ಮೊದಲಿನವನನ್ನು ಹಿಡಿದೇ ತೀರುವೆನೆಂದು ನಾನು ಹಟ ಹಿಡಿದೆ. ಟಿಕೆಟ್ ತೆಗೆಸದವನನ್ನು ಮುಖ ನೋಡಿಯೇ ಹಿಡಿಯುವವನು ನಾನು, ಇವನೇನು ಮಹಾ ಎಂದುಕೊಂಡೆ. ರಜೆ ಇದ್ದ ದಿನವೆಲ್ಲ ರಬ್ಬರಿನ ಕೈಗವಸು ತೊಟ್ಟು, ಕುಡುಗೋಲು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಒಂದೊಂದೇ ಚೀಲ ಕೊಯ್ದು ಹರವುತ್ತಿದ್ದೆ. ಕರೆಂಟಿನ ಬಿಲ್ಲು, ಔಷಧದ ಚೀಟಿ, ಲಗ್ನಪತ್ರಿಕೆ, ಹೀಗೆ ಹೆಸರಿದ್ದ ಕಾಗದಗಳನ್ನು ಬಿಸಿಲಿಗೆ ಒಣಗಿಸಿ ನನ್ನ ಹಳೆಯ ಟಿಕೆಟ್ ಚೀಲದಲ್ಲಿ ಕಟ್ಟಿಡುತ್ತಿದ್ದೆ.

ಹೇಳಲು ನಾಚಿಕೆಯಾಗುತ್ತದೆ, ಆ ಕೆಲಸ ನನಗೆ ಹಿಡಿಸತೊಡಗಿತು. ಒಂದು ಮನೆಯಲ್ಲಿ ಕೂಸು ಹುಟ್ಟಿತ್ತು. ಇನ್ನೊಂದರಲ್ಲಿ ಯಾರಿಗೋ ಸಕ್ಕರೆ ಕಾಯಿಲೆ, ಆದರೂ ಅದೇ ಚೀಲದಲ್ಲಿ ಕುಂದಾ ಮಿಠಾಯಿಯ ಖಾಲಿ ಡಬ್ಬಿ. "ತಿನ್ನು ತಿನ್ನು, ಆಮೇಲೆ ಗೊತ್ತಾಗತೈತಿ" ಎಂದು ನಾನು ಗಟ್ಟಿಯಾಗಿಯೇ ಬೈದೆ. ಆ ದಿನ ನಾನು ಒಬ್ಬರೊಂದಿಗೆ ಆಡಿದ ಮಾತು ಅಷ್ಟೇ ಇರಬೇಕು. ರಸ್ತೆಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ನನ್ನನ್ನು ನೋಡುತ್ತಿದ್ದರು. ನಮ್ಮದೇ ಡಿಪೋದ ಬಸ್ಸು ಹಾದುಹೋದರೆ ಮಾತ್ರ ಗುಡ್ಡೆಯ ಮರೆಗೆ ಸರಿಯುತ್ತಿದ್ದೆ.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ತಳ ಮುಟ್ಟಿದೆ. ಕುಡುಗೋಲಿಗೆ ಬಟ್ಟೆ ಸಿಕ್ಕಿಕೊಂಡಿತು. ಎಳೆದರೆ ಗಾದಿ. ನೀಲಿ ಪಟ್ಟಿಯ ಹತ್ತಿಯ ಗಾದಿ, ನಡುವೆ ಹರಿದಲ್ಲಿ ಕೆಂಪು ಸೀರೆಯ ಸೆರಗಿನ ತೇಪೆ. ಆ ತೇಪೆ ಹಾಕುವಾಗ ಸೂಜಿಗೆ ದಾರ ಪೋಣಿಸಿಕೊಟ್ಟವನು ನಾನೇ. ಗಾದಿಯ ಕೆಳಗೆ ಚಾದರದ ಗಂಟು. ಅದರೊಳಗೆ ಅವಳ ಎರಡು ಸೀರೆ, ಒಂದು ಸ್ವೆಟರು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಸ್ಪತ್ರೆಯ ಚೀಟಿ. ಅವಳ ಹೆಸರು, ಅದರ ಮುಂದೆ ನನ್ನ ಹೆಸರು, ಒಂದಕ್ಷರವೂ ಅಳಿಸಿರಲಿಲ್ಲ. ಅದರಡಿ ಬರೀ ಮಣ್ಣಿತ್ತು.

ಅಲ್ಲಿಯೇ ನಿಂತು ನಮ್ಮ ಜಿಲ್ಲೆಯದೇ ಹಳ್ಳಿ ಇಂದೂರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಹೆಂಡತಿ ಹೋದಾಗ ಮನೆ ನೋಡಿಕೊಂಡವಳು ಅವಳೇ.

"ಅಕ್ಕಾ, ಆಕೀ ಗಾದಿ ಎಲ್ಲಿ ಹಾಕ್ಸಿದ್ದಿ?"

"ಈಗ್ಯಾಕೋ ತಮ್ಮಾ ಅದು? ಸತ್ತವ್ರ ಹಾಸಿಗಿ ಊರ ಹೊರಗ ಒಗೀಬೇಕಲ್ಲ, ಎಲ್ಲಿ ಒಗಸಲಿ ಅಂತ ಕೇಳಿದ್ರ, ನನ್ನ ಕಣ್ಣಿಗೆ ಬೀಳದಂಗ ಎಲ್ಲೆರ ಒಗಸು ಅಂದಿ. ಮಂದೀ ಹೊಲದಾಗ ಒಗದ್ರ ಮಂದಿ ಸುಮ್ನ ಬಿಡ್ತಾರೇನು? ಅದಕ್ಕ ನಮ್ಮ ಜಾಗಾದಾಗನ ಹಾಕಿಸಿದೆ. ಯಾಕ, ಏನಾತು?"

"ಏನಿಲ್ಲ, ಸುಮ್ನ ಕೇಳ್ದೆ."

ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಅವಳು ಮಾಡಿದ್ದರಲ್ಲಿ ತಪ್ಪೇನಿತ್ತು? ಅವತ್ತು ಮುಖ ತಿರುಗಿಸಿ ಗೋಡೆ ನೋಡುತ್ತ ಕೂತವನು ನಾನು. ಹಾಸಿಗೆಯನ್ನು ಯಾರು ಹೊತ್ತರು, ಯಾವ ಬಾಗಿಲಿಂದ ಹೋಯಿತು, ಒಂದನ್ನೂ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಯಾರೋ ಬಸ್ಸಿನಿಂದ ಇಳಿದು ಹೋದಂತೆ ಅವಳನ್ನು ಕಳಿಸಿಬಿಟ್ಟಿದ್ದೆ.

ಹೆಸರಿದ್ದ ಕಾಗದಗಳ ಚೀಲವನ್ನು ಪಂಚಾಯ್ತಿಗೆ ಕೊಡಲಿಲ್ಲ. ಮೊದಲಿನವನನ್ನು ಮುಚ್ಚಿಟ್ಟು ಉಳಿದವರಿಗೆ ದಂಡ ಹಾಕಿಸಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಹಳಿಯಾಳದಿಂದ ಟ್ರ್ಯಾಕ್ಟರ್ ಕರೆಸಿದೆ. ಅದರ ಮಾಲೀಕ, ವಯಸ್ಸಾದ ಸಾಬರು, ತಾವೇ ಓಡಿಸಿಕೊಂಡು ಬಂದರು. ಇಬ್ಬರೂ ಸೇರಿ ಸಲಿಕೆಯಿಂದ ಕಸವನ್ನೆಲ್ಲ ಟ್ರೇಲರಿಗೆ ತುಂಬಿದೆವು. ಗಾದಿಯನ್ನೂ ಗಂಟನ್ನೂ ನಾನು ಬದಿಗೆ ಎತ್ತಿಟ್ಟಿದ್ದೆ.

"ಇದು?" ಎಂದರು ಸಾಬರು.

"ನಮ್ಮ ಮನಿಯವ್ರದ್ರಿ."

ಅವರು ತೇಪೆಯನ್ನು ನೋಡಿದರು, ನನ್ನನ್ನು ನೋಡಿದರು. "ಕೆಳಗ ಬ್ಯಾಡ್ರಿ, ಎಲ್ಲಾದರ ಮ್ಯಾಲ ಹಾಕೂಣು" ಎಂದು ಒಂದು ತುದಿ ಹಿಡಿದರು. ಮಣ್ಣು, ನೀರು ಕುಡಿದ ಗಾದಿ ಎತ್ತಲು ಆಗುತ್ತಿರಲಿಲ್ಲ. ಕೊನೆಯ ತಿಂಗಳಲ್ಲಿ ಅವಳನ್ನು ನಾನೊಬ್ಬನೇ ಎರಡು ಕೈಯಲ್ಲಿ ಎತ್ತಿ ಇದರ ಮೇಲೆ ಮಲಗಿಸುತ್ತಿದ್ದೆ.

ಮುಂದೆ ತಮ್ಮ ಪಕ್ಕ ಕೂರಲು ಸಾಬರು ಕರೆದರು. ಬೇಡವೆಂದು ಹಿಂದೆ ಟ್ರೇಲರ್ ಹತ್ತಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಗಾದಿಯ ಮೇಲೆ ಕೂತೆ. ಹಳಿಯಾಳದ ಕಸದ ಮೈದಾನದವರೆಗೂ ಹಾಗೆಯೇ ಹೋದೆ. ನಮ್ಮ ಡಿಪೋದ ಬಸ್ಸೊಂದು ಎದುರಿಗೆ ಬಂದು ನಿಧಾನ ಮಾಡಿತು. ಕಿಟಕಿಗಳಿಂದ ಎಲ್ಲರೂ ನೋಡುತ್ತಿದ್ದರು. ನಾನು ಮುಖ ಮುಚ್ಚಿಕೊಳ್ಳದೆ ಅಳುತ್ತಿದ್ದೆ.