ಜ್ವರಕ್ಕೆ ಕೂತ ಹಾರ್ಡ್ ಡಿಸ್ಕ್

ಹಾರ್ಡ್ ಡಿಸ್ಕಿನ ಡಬ್ಬಿಯ ತಿರುಪು ಬಿಚ್ಚಿ ಮುಚ್ಚಳ ಎತ್ತಿದೆ ನೋಡಿ, ಜರ್ರನೆ ರಾಗಿ ಸುರಿಯಿತು. ಮೇಜಿನ ಮೇಲೆ, ಕೀಬೋರ್ಡಿನ ಸಂದಿಯಲ್ಲಿ, ನನ್ನ ಮಡಿಲಲ್ಲಿ, ಎಲ್ಲಾ ಕಡೆ ರಾಗಿ! ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಹಡಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಇಷ್ಟು ವರ್ಷದಲ್ಲಿ ಬಿಚ್ಚಿದ ಡಬ್ಬಿಗಳಲ್ಲಿ ಜಿರಳೆ ನೋಡಿದ್ದೀನಿ, ಇರುವೆ ಗೂಡು ನೋಡಿದ್ದೀನಿ, ಒಂದು ಸಲ ಹಲ್ಲಿ ಮೊಟ್ಟೆಯೂ ಸಿಕ್ಕಿತ್ತು. ರಾಗಿ ಮಾತ್ರ ಅದೇ ಮೊದಲು.

"ಏನ್ರೀ ಇದು?" ಅಂದೆ.

ಎದುರಿಗೆ ಕೂತಿದ್ದವಳು ಬೈರಕೂರಿನ ಹತ್ತಿರದ ಹಳ್ಳಿಯವಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ತಾನೇ ಮಾವಿನ ತೋಟ ನೋಡಿಕೊಳ್ಳೋ ಗಟ್ಟಿ ಹೆಂಗಸು. "ಟಕ್ ಟಕ್ ಅಂತಿತ್ತಕ್ಕ. ಒಳಗೆ ತೇವ ಹೋಗಿರಬೇಕು ಅಂತ ರಾಗಿ ಡಬ್ಬದಲ್ಲಿ ಮೂರು ದಿನ ಹೂತಿಟ್ಟಿದ್ದೆ. ಫೋನು ನೀರಿಗೆ ಬಿದ್ರೆ ಅಕ್ಕೀಲಿ ಇಡ್ತಾರಲ್ಲ? ನಮ್ಮನೇಲಿ ಅಕ್ಕಿ ಕಮ್ಮಿ, ರಾಗಿ ಜಾಸ್ತಿ" ಅಂದಳು.

ನಗು ಉಕ್ಕಿ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ಏಳು ತಿಂಗಳ ಹಿಂದೆ ಅವಳ ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತಂತೆ. ಕೈಕಾಲು ಆಮೇಲೆ ಸುಮಾರಾಗಿ ಬಂತು, ಮಾತು ಬರಲಿಲ್ಲ. ಮನುಷ್ಯ ಮಂಚದ ಮೇಲೆ ಕೂತವರು ಕೂತೇ ಇದ್ದಾರೆ. ಊಟ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಕೇಳಿದ್ದಕ್ಕೆ ತಲೆಯೂ ಆಡಿಸಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಇವಳು ಅಪ್ಪನ ಹಿಂದೆ ತೋಟವೆಲ್ಲಾ ತಿರುಗಿ, ಒಂದೊಂದು ಮರದ ಕಥೆಯನ್ನೂ ಅವರ ಬಾಯಲ್ಲೇ ಹೇಳಿಸಿ ಫೋನಿನಲ್ಲಿ ವಿಡಿಯೋ ಮಾಡಿದ್ದಳು. ಫೋನು ತುಂಬಿತು ಅಂತ ಅದನ್ನು ಈ ಡಿಸ್ಕಿಗೆ ಹಾಕಿ ಫೋನಿನಿಂದ ಅಳಿಸಿಬಿಟ್ಟಿದ್ದಳು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

"ಮಾತಾಡೋ ಅಪ್ಪ ಇದರಲ್ಲಿ ಮಾತ್ರ ಇರೋದಕ್ಕ" ಅಂದಳು.

ಟಕ್ ಟಕ್ ಅನ್ನೋ ಸದ್ದು ಕೇಳಿದರೆ ನನಗೆ ಹುಚ್ಚು ಹಿಡಿಯುತ್ತೆ, ಸುಳ್ಳು ಯಾಕೆ ಹೇಳಲಿ. ಕರೆಂಟ್ ಕೊಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ಉಳಿದ ರಾಗಿ ಕೊಡವುವ ಮುಂಚೆ ಒಳಗೆ ಎರಡು ಸದ್ದು ಇದ್ದವು, ಒಂದು ಚರಚರ, ಇನ್ನೊಂದು ಟಕ್. ಡಬ್ಬಿಯನ್ನೆಲ್ಲಾ ಬ್ರಷ್ಷಿನಲ್ಲಿ ಗುಡಿಸಿ, ಡಿಸ್ಕನ್ನು ಹೊರಗೆ ತೆಗೆದು ನೇರವಾಗಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಚರಚರ ಮಾಯ! ಡಿಸ್ಕು ಹಾಯಾಗಿ ತಿರುಗಿತು, ಪರದೆಯ ಮೇಲೆ ಅದರ ಹೆಸರೂ ಬಂತು. "ಸಿಕ್ತು ಕಣಮ್ಮಾ, ಬರೀ ರಾಗಿ!" ಅಂತ ಕುರ್ಚಿಯಿಂದ ಎದ್ದೇ ಬಿಟ್ಟೆ. ಅವಳೂ ಎದ್ದು ನಿಂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಟಕ್. ಟಕ್. ಟಕ್.

ಹೆಸರು ಪರದೆಯಿಂದ ಹೋಯ್ತು. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವಳನ್ನು ಕೂರಿಸಿ ನೀರು ಕೊಟ್ಟು, ಏನಾಗಿದೆ ಅಂತ ಬಿಡಿಸಿ ಹೇಳಿದೆ. ಒಳಗೆ ಕನ್ನಡಿಯಂಥ ಬಿಲ್ಲೆ ತಿರುಗುತ್ತಿರುತ್ತೆ, ಅದರ ಮೇಲೆ ತಾಗಿಯೂ ತಾಗದ ಹಾಗೆ ಒಂದು ಸಣ್ಣ ಮುಳ್ಳು ಓಡಾಡಿ ಓದುತ್ತೆ. ಮುಳ್ಳಿಗೆ ದಾರಿ ತಪ್ಪಿದರೆ ಮೂಲೆಗೆ ವಾಪಸ್ ಬಂದು ಮತ್ತೆ ಹೊರಡುತ್ತೆ, ಆ ಟಕ್ ಅನ್ನೋದು ಅದು ವಾಪಸ್ ಬರೋ ಸದ್ದು. ಇದು ರಾಗಿಯ ತಪ್ಪಲ್ಲ, ಮೊದಲೇ ಇದ್ದ ಕಾಯಿಲೆ. ಬೆಂಗಳೂರಿನಲ್ಲಿ ಇದನ್ನು ಬಿಚ್ಚಿ ನೋಡುವವರಿದ್ದಾರೆ, ಕಳಿಸೋಣವಾ ಅಂದೆ.

"ನಂಗೆ ಅದನ್ನ ಅಷ್ಟು ದೂರ ಕಳಿಸೋಕೆ ಧೈರ್ಯ ಇಲ್ಲಕ್ಕ. ನೀವೇ ನೋಡಿ. ಆಗದಿದ್ರೆ ಆಮೇಲೆ" ಅಂದು ಬಸ್ಸಿಗೆ ಹೋದಳು.

ನಾನು ಮಾಡಿದ್ದೇನು ಗೊತ್ತಾ? ಹಟಕ್ಕೆ ಬಿದ್ದೆ. ಡಿಸ್ಕಿನಲ್ಲಿರುವುದನ್ನು ತುಣುಕು ತುಣುಕಾಗಿ ಇನ್ನೊಂದು ಡಿಸ್ಕಿಗೆ ಇಳಿಸುವ ಪ್ರೋಗ್ರಾಂ ಓಡಿಸಿದೆ. ಅದು ಟಕ್ ಅಂದಾಗೆಲ್ಲಾ ಕರೆಂಟ್ ತೆಗೆದು, ಹತ್ತು ಎಣಿಸೋದರೊಳಗೆ ಮತ್ತೆ ಹಾಕಿದೆ. "ಓದೇ, ಓದೇ ಮುಂಡೇದೇ" ಅಂತ ಬೈದೆ. ಮಧ್ಯಾಹ್ನದ ಊಟ ಬಿಟ್ಟೆ. ಸಂಜೆ ಹೊತ್ತಿಗೆ ನೂರಕ್ಕೆ ನಾಲ್ಕರಷ್ಟು ಇಳಿದಿತ್ತು, ಟಕ್ ಅನ್ನೋದು ಮಾತ್ರ ಜೋರಾಗಿ ಕಟ್ ಕಟ್ ಅಂತ ಮೂಳೆ ಮುರಿದ ಹಾಗೆ ಕೇಳುತ್ತಿತ್ತು. ಡಿಸ್ಕು ಕೈ ಸುಡುವಷ್ಟು ಬಿಸಿ. ಆಗ ನನಗೆ ನಿಜವಾಗಲೂ ಹೆದರಿಕೆಯಾಯ್ತು.

ಅಂಗಡಿ ಬಾಗಿಲು ಎಳೆದು, ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಸ್ಕೂಟರ್ ಹತ್ತಿದೆ. ನಮ್ಮ ಮನೆ ಕುರುಡುಮಲೆ ರಸ್ತೆಯಲ್ಲಿ. ಅಮ್ಮ ರೇಷ್ಮೆ ಹುಳು ಸಾಕುತ್ತಾಳೆ. ಎಲ್ಲಾ ಸಿಟ್ಟನ್ನೂ ಅಮ್ಮನ ಮುಂದೆ ಸುರಿಯೋಣ ಅಂತ ಹುಳುಮನೆಯ ಬಾಗಿಲು ದಡಾರನೆ ತಳ್ಳಿದೆ.

"ಲೇ, ಮೆತ್ತಗೆ ಬಾರೇ! ಹುಳು ಜ್ವರಕ್ಕೆ ಕೂತಿವೆ" ಅಂತ ಅಮ್ಮ ಪಿಸುಗುಟ್ಟಿಕೊಂಡೇ ಗದರಿದಳು.

ಹುಳು ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಬರುತ್ತೆ. ಮಾಮೂಲಿ ದಿನ ಹುಳುಮನೆಯೊಳಗೆ ಸೊಪ್ಪು ಮೇಯೋ ಸದ್ದು ತುಂತುರು ಮಳೆ ಹಾಗೆ ಕೇಳುತ್ತಿರುತ್ತೆ, ಜ್ವರಕ್ಕೆ ಕೂತರೆ ಎಲ್ಲಾ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಆಗ ಸೊಪ್ಪು ಹಾಕೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಚಿಕ್ಕವಳಿದ್ದಾಗ ಪಾಪ ಹಸಿದಿವೆ ಅಂತ ನಾನೊಂದು ಸಲ ಸೊಪ್ಪು ಸುರಿದು, ಅರ್ಧ ತಟ್ಟೆ ಹುಳು ಸಾಯಿಸಿ, ಅಮ್ಮನ ಕೈಲಿ ಚೆನ್ನಾಗಿ ಏಟು ತಿಂದಿದ್ದೆ.

ಅಮ್ಮ ಹೊರಗೆ ಬಂದು ಟವೆಲ್ ಬಿಚ್ಚಿದಳು. ಡಿಸ್ಕನ್ನು ಅಂಗೈಲಿಟ್ಟು ನೋಡಿ, "ಮಗೂ ಮೈ ಥರ ಸುಡ್ತಾ ಇದೆ. ಏನ್ ಮಾಡಿದೆಯೇ ಇದಕ್ಕೆ?" ಅಂದಳು. ಬೆಳಗಿಂದ ಮಾಡಿದ್ದೆಲ್ಲಾ ಹೇಳಿದೆ. ಅಮ್ಮ ನನ್ನನ್ನೇ ದಿಟ್ಟಿಸಿದಳು. "ಜ್ವರಕ್ಕೆ ಕೂತಿರೋದರ ಬಾಯಿಗೆ ಸೊಪ್ಪು ತುರುಕಿದ್ದೀಯ. ಚಿಕ್ಕವಳಿದ್ದಾಗಲೂ ಹಿಂಗೇ ಮಾಡಿದ್ದೆ. ಬುದ್ಧಿ ಬಂದೇ ಇಲ್ಲ ನಿಂಗೆ."

ನಾನು ಅಲ್ಲೇ ಜಗುಲಿ ಮೇಲೆ ಕೂತುಬಿಟ್ಟೆ. ಅಯ್ಯೋ ದೇವರೇ! ಡಿಸ್ಕು ಬೆಳಿಗ್ಗೆ ತಣ್ಣಗಿದ್ದಾಗ ಸ್ವಲ್ಪ ಸ್ವಲ್ಪವಾದರೂ ಓದಿತ್ತು. ಬಿಸಿಯಾದ ಹಾಗೆಲ್ಲಾ ತಾನೇ ಹೆಚ್ಚು ಹೆಚ್ಚು ದಾರಿ ತಪ್ಪಿದ್ದು? ಅದು ಸಾಕು ಅಂದಾಗಲೆಲ್ಲಾ ನಾನು ಬಿಡದೆ ಎಬ್ಬಿಸಿದ್ದೆ. ಗೊತ್ತಿಲ್ಲದ ವಿಷಯವೇನಲ್ಲ. ಗಿರಾಕಿಗಳಿಗೆ ದಿನಾ ನಾನೇ ಹೇಳೋ ಮಾತು. ಸಿಟ್ಟು ನೆತ್ತಿಗೇರಿದಾಗ ನನ್ನ ಮಾತು ನನಗೇ ಕೇಳಿಸಲ್ಲ.

ಮಾರನೇ ದಿನದಿಂದ ಅಮ್ಮನ ಲೆಕ್ಕದಲ್ಲೇ ನಡೆಸಿದೆ. ಬೆಳಿಗ್ಗೆ ತಣ್ಣಗಿರುವಾಗ ಹಾಕೋದು. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಕೂರೋದು. ತಿರುಗುವ ಸದ್ದಿನಲ್ಲಿ ಸಣ್ಣ ತೊದಲು ಬಂತು ಅಂದರೆ ಸಾಕು, ಮೊದಲ ಟಕ್ ಬರೋಕೆ ಮುಂಚೆಯೇ ನಿಲ್ಲಿಸಿಬಿಡೋದು. ಆಮೇಲೆ ಎರಡು ಗಂಟೆ ಅದರ ಕಡೆ ತಿರುಗಿಯೂ ನೋಡೋ ಹಾಗಿಲ್ಲ. ಆ ಎರಡು ಗಂಟೆ ನನ್ನ ಪಾಡು ಯಾರಿಗೂ ಬೇಡ! ಎರಡು ಸಲ ಟೀ ಕುಡಿದು, ಪಕ್ಕದ ಜೆರಾಕ್ಸ್ ಅಂಗಡಿಯವರ ಜೊತೆ ಕಾರಣವಿಲ್ಲದೆ ಜಗಳ ಆಡಿ ಬರುತ್ತಿದ್ದೆ.

ಆದರೆ ಇಳಿಯಿತು ನೋಡಿ! ಆರು ನಿಮಿಷ ಓದಿದರೆ ಆರು ನಿಮಿಷದ್ದು ಇಳಿಯಿತು. ಮೊದಲ ದಿನದ ಕೊನೆಗೆ ನೂರಕ್ಕೆ ಇಪ್ಪತ್ತೊಂದು, ಎರಡನೇ ದಿನ ಐವತ್ತು ದಾಟಿತು. ನನಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ. ಅವಳು ದಿನಾ ಬಸ್ಸಿನಲ್ಲಿ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು, ಉಸಿರು ಬಿಗಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿದರೆ ತಾನೇ ಸ್ವಿಚ್ ಆರಿಸುವಷ್ಟು ಪಳಗಿಬಿಟ್ಟಳು.

ಮೂರನೇ ದಿನ ಮಧ್ಯಾಹ್ನ ಎಂಬತ್ತೆಂಟರ ಹತ್ತಿರ ಡಿಸ್ಕು ಒಂದೇ ಒಂದು ಸಲ ಟಕ್ ಅಂದು, ಉಸಿರು ಬಿಟ್ಟ ಹಾಗೆ ಸುಯ್ಯೆಂದು ನಿಂತಿತು. ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಏಳಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ನಾನು ಇಳಿದಷ್ಟರಲ್ಲಿ ಹುಡುಕಿದೆ. ಮದುವೆ ಫೋಟೋಗಳು, ತೋಟದ ಕಾಗದಪತ್ರ, ಆಮೇಲೆ ಒಂದು ವಿಡಿಯೋ. ಒತ್ತಿದೆ.

ಚಿತ್ರದಲ್ಲಿ ಅಲ್ಲಲ್ಲಿ ಹಸಿರು ಚೌಕಗಳು ಕುಣಿದವು. ಆದರೆ ದನಿ! ಒರಟಾದ, ಎಲೆಅಡಿಕೆ ತುಂಬಿಕೊಂಡ, ತೆಲುಗು ಬೆರೆತ ಗಟ್ಟಿ ದನಿ ಅಂಗಡಿ ತುಂಬಾ ಹರಡಿತು. "ಚೂಡಮ್ಮಾ, ನೋಡು, ಈ ಮರ ನಿಮ್ಮ ಅಜ್ಜಿ ನೆಟ್ಟಿದ್ದು..." ನಾವಿಬ್ಬರೂ ತಬ್ಬಿಕೊಂಡು ಕಿರುಚಿದ ಸದ್ದಿಗೆ ಜೆರಾಕ್ಸ್ ಅಂಗಡಿಯವರು ಓಡಿ ಬಂದರು. ಅವರಿಗೂ ಒಂದು ಟೀ ತರಿಸಿದೆ.

ಅವತ್ತೇ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಲ್ಯಾಪ್‌ಟಾಪ್ ಸಮೇತ ಅವಳ ಊರಿಗೆ ಹೋದೆ. ತೋಟದ ಮನೆಯ ಮುಂದೆ ಮಂಚದ ಮೇಲೆ ಅವಳ ಅಪ್ಪ ಕೂತಿದ್ದರು. ನಾನು ನಮಸ್ಕಾರ ಮಾಡಿದರೆ ನೋಟವೂ ತಿರುಗಲಿಲ್ಲ. ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು ವಿಡಿಯೋ ಹಾಕಿದೆವು. ತಮ್ಮ ದನಿ ಕೇಳಿದ್ದೇ ಮುದುಕರು ತಲೆ ಎತ್ತಿದರು. ಒಂದು ಮರ ಆಯ್ತು, ಎರಡಾಯ್ತು. ಪರದೆಯಲ್ಲಿ ಅವರು ಬಾವಿ ಪಕ್ಕದ ದೊಡ್ಡ ಮರವನ್ನು ತಟ್ಟಿ, "ಈ ಮಲಗೋವಾ ನೀನು ಹುಟ್ಟಿದ ವರ್ಷ ನೆಟ್ಟಿದ್ದಮ್ಮಾ. ಇದಿ ನೀದೇ, ಇದು ನಿಂದೇ" ಅಂದರು.

ಮಂಚದ ಮೇಲೆ ಫಟ್ ಅಂತ ಏಟು ಬಿತ್ತು. ಮುದುಕರು ಅಂಗೈಯಿಂದ ಮಂಚ ಬಡಿದು, ಜೋರಾಗಿ ತಲೆ ಅಲ್ಲಾಡಿಸುತ್ತಿದ್ದರು. ಅಲ್ಲ, ಅಲ್ಲ! ಕೋಲು ಊರಿ ಎದ್ದೇ ಬಿಟ್ಟರು. ಮಗಳ ಮಣಿಕಟ್ಟು ಹಿಡಿದು, ಆ ದೊಡ್ಡ ಮಲಗೋವಾದ ಪಕ್ಕದಿಂದಲೇ ಎಳೆದುಕೊಂಡು ಹೋಗಿ, ಬದುವಿನ ಮೇಲಿದ್ದ ಒಂದು ಸೊಟ್ಟ ಮರದ ಮುಂದೆ ನಿಲ್ಲಿಸಿ, ಮರವನ್ನೂ ಅವಳ ಎದೆಯನ್ನೂ ಒಂದಾದ ಮೇಲೊಂದು ಬೆರಳಿನಿಂದ ಕುಕ್ಕಿ ತೋರಿಸಿದರು.

"ಇದಾ ನಂದು? ಈ ಸೊಟ್ಟ ಮರಾನಾ?" ಅಂದಳು ಅವಳು. ಅವರು ಹೌದು ಹೌದು ಅಂತ ತಲೆ ಆಡಿಸಿದರು. "ಮತ್ತೆ ಅವತ್ತು ಒಳ್ಳೇ ಮರ ತೋರಿಸಿ ನನ್ನ ಮೆಚ್ಚಿಸಿದ್ಯಾ ಅಪ್ಪಾ?" ಮುದುಕರ ಬಾಯಿ ಒಂದು ಕಡೆಗೆ ಮಾತ್ರ ಅರಳಿತು, ಕಳ್ಳತನ ಸಿಕ್ಕಿಬಿದ್ದ ನಗು.

ಅವಳು ಅಳುತ್ತಲೇ ನಗುತ್ತಾ ನನ್ನ ಕಡೆ ತಿರುಗಿದಳು. "ಏಳು ತಿಂಗಳಾಯ್ತಕ್ಕ, ನಮ್ಮಪ್ಪ ಯಾವುದಕ್ಕೂ ಅಲ್ಲ ಅಂದಿರಲಿಲ್ಲ" ಅಂದಳು.

ಅಷ್ಟರಲ್ಲಿ ಮುದುಕರು ಮಂಚಕ್ಕೆ ವಾಪಸ್ ಬಂದು, ಲ್ಯಾಪ್‌ಟಾಪಿನ ಕಡೆ ಕೋಲು ತೋರಿಸಿ ನನ್ನನ್ನು ಗುರಾಯಿಸುತ್ತಿದ್ದರು. ಮತ್ತೆ ಮೊದಲಿಂದ ಹಾಕಿದೆ. ಮಲಗೋವಾ ಬಂದ ತಕ್ಷಣ ಫಟ್ ಅಂತ ಮಂಚ ಬಡಿದರು.