ಇಸ್ತ್ರಿ ಅಕ್ಕನ ಬ್ರೌನಿ

ತಮ್ಮನ ಚಹಾ ಅಂಗಡಿಗೆ ಹೊಸ ಬೋರ್ಡು ಹಾಕಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ಅವಳು ಕೆಲಸ ಮುಗಿಸಿ ಖುಷಿಯಿಂದಲೇ ನೋಡಲು ಹೋದಳು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ: ‘ಅಮ್ಮನ ಕೈರುಚಿಯ ಬ್ರೌನಿ’. ಪಕ್ಕದಲ್ಲಿ ಅಮ್ಮನ ನಗುಮುಖದ ಚಿತ್ರ. ಅವಳು ಒಂದು ಸಲ ಓದಿದಳು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದಳು. ಮೈಯೆಲ್ಲ ಉರಿದುಹೋಯಿತು. ಅಮ್ಮ ಹುಟ್ಟಿದಾಗಿನಿಂದ ಒಂದು ಓವನ್ನಿನ ಬಾಗಿಲು ತೆಗೆದವಳಲ್ಲ. ಬ್ರೌನಿ ಎಂದರೆ ಕೇಕು ಉಬ್ಬದೆ ಕೂತುಬಿಟ್ಟಿದ್ದು ಎಂದೇ ಅಮ್ಮ ಇವತ್ತಿಗೂ ತಿಳಿದಿದ್ದಳು.

ಇಪ್ಪತ್ತೆರಡು ವರ್ಷದಿಂದ ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಹಾಸಿಗೆ ಹೊದಿಕೆ, ಡಾಕ್ಟರರ ಕೋಟು, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಅವಳ ಕೈಕೆಳಗೆ ಹಾದೇ ಹೋಗಬೇಕು. ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ. ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಅವಳ ಕೋಪದಿಂದ ಒಂದು ಬಟ್ಟೆಯೂ ಸುಟ್ಟಿದ್ದಿಲ್ಲ ಎಂದು ಮೇಲ್ವಿಚಾರಕನೇ ಒಪ್ಪಿಕೊಳ್ಳುತ್ತಿದ್ದ.

ಬ್ರೌನಿ ಶುರುವಾದದ್ದೂ ಕೋಪದಿಂದಲೇ. ಹನ್ನೊಂದು ವರ್ಷದ ಹಿಂದೆ ಯಾರೋ ರೋಗಿಯ ಕಡೆಯವರು ಲಾಂಡ್ರಿಯವರಿಗೆಂದು ಒಂದು ಪೆಟ್ಟಿಗೆ ಬ್ರೌನಿ ಕೊಟ್ಟುಹೋಗಿದ್ದರು. ಅವಳ ಪಾಲಿಗೆ ಬಂದದ್ದು ಅರ್ಧ ತುಂಡು. ಅದರ ರುಚಿ ನಾಲಿಗೆ ಬಿಟ್ಟು ಹೋಗಲಿಲ್ಲ. ಮಾರನೆಯ ದಿನ ಬೇಕರಿಗೆ ಹೋಗಿ ಬೆಲೆ ಕೇಳಿದಾಗ, ಕೌಂಟರಿನ ಹುಡುಗಿ ಇವಳ ಚಪ್ಪಲಿಯಿಂದ ತಲೆಯವರೆಗೆ ನೋಡಿ, “ಬನ್ ಆ ಕಡೆ ಇದೆ” ಎಂದಳು. ಅವಳು ಬನ್ನೂ ಕೊಳ್ಳದೆ ಮನೆಗೆ ಬಂದಳು. ನರ್ಸುಗಳ ಹಾಸ್ಟೆಲ್ಲಿನವರು ಹೊರಗೆ ಹಾಕಿದ್ದ ಹಳೆಯ ಓವನ್ನನ್ನು ಬಟ್ಟೆ ತಳ್ಳುವ ಗಾಡಿಯಲ್ಲಿ ಹೇರಿಕೊಂಡು ಬಂದಳು. ಅದರ ನಾಬು ಸಡಿಲವಾಗಿತ್ತು, ಬಾಗಿಲು ಮುಚ್ಚಬೇಕಾದರೆ ಮೊಣಕಾಲು ಕೊಡಬೇಕಿತ್ತು.

ಮೊದಲ ವರ್ಷ ಕಲ್ಲು, ಕೆಸರು, ಇದ್ದಿಲು ಎಲ್ಲ ಬಂತು, ಬ್ರೌನಿಯೊಂದು ಬರಲಿಲ್ಲ. ಅವಳು ಬಿಡಲಿಲ್ಲ. ಚಾಕಲೇಟು ಕೈಗೆಟುಕದು, ಹಾಗಾಗಿ ಕೋಕೋ ಪುಡಿ. ಬೆಣ್ಣೆಯ ಬದಲು ಅಡುಗೆ ಎಣ್ಣೆ. ಮೊಟ್ಟೆ ಅಂಗಡಿಯಲ್ಲಿ ಸಂಜೆ ಅಗ್ಗಕ್ಕೆ ಬಿಡುವ, ಅವತ್ತೇ ಬಿರುಕು ಬಿಟ್ಟ ಮೊಟ್ಟೆಗಳು. ಬೆಳಗಿನ ಕಾಫಿ ಲೋಟದಲ್ಲಿ ಒಂದು ಗುಟುಕು ಉಳಿಸಿ ಹಿಟ್ಟಿಗೆ ಸುರಿದರೆ ಕೋಕೋ ಗಾಢವಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಕೈತಪ್ಪಿ ಕಾಫಿ ಚೆಲ್ಲಿದ ದಿನ ತಾನೇ ಕಂಡುಕೊಂಡಳು. ಓವನ್ನಿನ ಮುಳ್ಳು ಇನ್ನೂರ ಇಪ್ಪತ್ತು ಡಿಗ್ರಿಗೆ ಬರಬೇಕು, ನಲವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಿಲ್ಲ. ಪೂರ್ತಿ ಆರುವ ಮೊದಲು ಚಾಕು ತಾಗಿಸಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದಳು. ತಟ್ಟೆಯಲ್ಲಿ ಹಾಳೆಯಂತೆ ಬೆಂದ ಬ್ರೌನಿಯಲ್ಲಿ ಅರ್ಧವನ್ನು ತುಂಡು ಮಾಡದೆ ಕಾಗದದಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ತಿಂಗಳು ಕಳೆದರೂ ಕೆಡದು. ಇನ್ನರ್ಧ ಬಿಸ್ಕತ್ತಿನ ಡಬ್ಬಿಗೆ, ಪದರಪದರಕ್ಕೆ ಎಣ್ಣೆಕಾಗದ ಹಾಸಿ, ಮೇಲೊಂದು ತುಂಡು ಬ್ರೆಡ್ಡು ಇಟ್ಟು.

ನಾಲ್ಕು ವರ್ಷದಿಂದ ಪ್ರತಿ ಸೋಮವಾರ ಆ ಡಬ್ಬಿ ತಮ್ಮನ ಅಂಗಡಿಗೆ ಹೋಗುತ್ತಿತ್ತು. ಒಡಹುಟ್ಟಿದವನ ಅಂಗಡಿ ನಿಲ್ಲಲಿ ಎಂದು ಕೊಟ್ಟಳು, ಏನನ್ನೂ ಕೇಳಲಿಲ್ಲ. ಈಗ ಅವನು ದೊಡ್ಡ ಹೊಸ ಓವನ್ ತಂದಿದ್ದ. ಪಕ್ಕದ ಗಾರ್ಮೆಂಟ್ ಕಾರ್ಖಾನೆಯವರು ಮುಂದಿನ ವಾರದ ಶನಿವಾರಕ್ಕೆ ನೂರಿಪ್ಪತ್ತು ತುಂಡು ಹೇಳಿದ್ದರು. ಹೋದ ವಾರ ಮಾಡುವ ವಿಧಾನ ಬರೆದುಕೊಡು ಎಂದು ಬೇಡಿದಾಗ, ಲಾಂಡ್ರಿ ಚೀಟಿಯ ಹಿಂಬದಿಯಲ್ಲಿ ಒಂದು ಚಿಟಿಕೆ ಉಪ್ಪನ್ನೂ ಬಿಡದೆ ಬರೆದುಕೊಟ್ಟಿದ್ದಳು.

ಬೋರ್ಡಿನ ಕೆಳಗೆ ನಿಂತೇ ಅವನನ್ನು ಕರೆದಳು.

“ಇದೇನೋ ಇದು?”

“ಚೆನ್ನಾಗಿದೆ ಅಲ್ವಾ ಅಕ್ಕ? ಅಮ್ಮ ಅಂದ್ರೆ ಜನ ಕಣ್ಣು ಮುಚ್ಕೊಂಡು ತಗೋತಾರೆ.”

“ಮಾಡಿದ್ದು ನಾನು.”

“ಅಯ್ಯೋ, ಅದು ನಮ್ಮ ನಮ್ಮಲ್ಲಿ ಗೊತ್ತಿರೋ ವಿಷ್ಯ. ಹಾಗಂತ ಬೋರ್ಡಲ್ಲಿ ಇಸ್ತ್ರಿ ಅಕ್ಕನ ಬ್ರೌನಿ ಅಂತ ಬರೆಸೋಕಾಗತ್ತಾ? ಆಸ್ಪತ್ರೆ ಕೊಳೆ ಬಟ್ಟೆ ನೆನಪಾಗತ್ತೆ ಅಷ್ಟೇ.” ತಾನೇ ನಕ್ಕ.

ಒಳಗೆ ಕುರ್ಚಿಯ ಮೇಲೆ ಅಮ್ಮ ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ, ತಲೆ ತುಂಬ ಎಣ್ಣೆ. ಬಂದವರೆಲ್ಲ ಅವಳಿಗೆ ಕೈಮುಗಿದು ಹೋಗುತ್ತಿದ್ದರು. “ನನ್ನ ಹೆಸರಲ್ಲಿದ್ರೆ ನಿನ್ನ ಗಂಟೇನು ಹೋಯ್ತೇ?” ಎಂದಳು ಅಮ್ಮ. ಆ ಸೀರೆಗೆ ಇಸ್ತ್ರಿ ಹಾಕಿದ್ದೂ ಇವಳೇ. ಅವಳು ಸರ್ರನೆ ತಿರುಗಿ ಮನೆಗೆ ನಡೆದಳು. ನೂರಿಪ್ಪತ್ತು ತುಂಡು ಯಾರ ಹೆಸರಲ್ಲಾದರೂ ಮಾರಿಕೊಳ್ಳಲಿ, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದಳು.

ಎರಡು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ, ತಮ್ಮ ಬಾಗಿಲು ಬಡಿದ. ಹಿಂದೆ ಏದುಸಿರು ಬಿಡುತ್ತ ಅಮ್ಮ. ಅವನು ಒಂದು ತಟ್ಟೆಯನ್ನು ಮೇಜಿನ ಮೇಲೆ ದಡ್ಡನೆ ಇಟ್ಟ. ಅದರಲ್ಲಿ ಕಪ್ಪಗೆ ಸೀದ ಬ್ರೌನಿ ಹಾಳೆ, ಅಂಚೆಲ್ಲ ಇದ್ದಿಲು.

“ಮೂರು ಸಲ ಮಾಡ್ದೆ. ಮೂರೂ ಸಲ ಹೀಗೇ. ನಿನ್ನ ಚೀಟಿಲಿ ಇದ್ದ ಹಾಗೇ ಇನ್ನೂರ ಇಪ್ಪತ್ತು, ನಲವತ್ತು ನಿಮಿಷ. ಬೇಕೂಂತ ತಪ್ಪು ಬರ್ಕೊಟ್ಟಿದೀಯ.”

“ಏನಂದೆ?”

“ಬೋರ್ಡ್ ಕಂಡು ಹೊಟ್ಟೆ ಉರೀತಲ್ಲ, ಅದಕ್ಕೆ.”

“ಬೋರ್ಡ್ ಕಂಡಿದ್ದು ಮೊನ್ನೆ. ಚೀಟಿ ಬರೆದಿದ್ದು ಹೋದ ವಾರ. ಲೆಕ್ಕಾನಾದ್ರೂ ಸರಿಯಾಗಿ ಹಾಕೋ.”

ಅಮ್ಮ ನಡುವೆ ಬಾಯಿ ಹಾಕಿದಳು. “ಸ್ವಂತ ತಮ್ಮನ ಮೇಲೆ ಹೊಟ್ಟೆಕಿಚ್ಚು ಯಾಕೆ ಪಡ್ತೀಯ?”

ತಪ್ಪು ಮಾಡಿ ಬೈಸಿಕೊಂಡರೆ ಅವಳು ಸುಮ್ಮನಿದ್ದುಬಿಡುತ್ತಿದ್ದಳು. ಆದರೆ ಹನ್ನೊಂದು ವರ್ಷದ ತನ್ನ ದುಡಿಮೆಯನ್ನು ಚೀಟಿಯಲ್ಲಿ ಕೊಟ್ಟ ಮೇಲೆ ಸುಳ್ಳುಗಾತಿ ಎನಿಸಿಕೊಳ್ಳುವುದು ಅವಳಿಂದ ಆಗದ ಮಾತು. ಕೋಕೋ ಡಬ್ಬಿ, ಅಳತೆಯ ಲೋಟ, ಮೊಟ್ಟೆ ಎಲ್ಲ ಚೀಲಕ್ಕೆ ತುಂಬಿದಳು. “ನಡೀರಿ. ನಿಮ್ಮ ಕಣ್ಣೆದುರಿಗೇ ಮಾಡ್ತೀನಿ.”

ಅಂಗಡಿಯ ಹಿಂಭಾಗದಲ್ಲಿ ಹೊಸ ಓವನ್ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ಹಿಟ್ಟು ಕಲಸಿದಳು, ಮುಳ್ಳನ್ನು ಇನ್ನೂರ ಇಪ್ಪತ್ತಕ್ಕೆ ತಿರುಗಿಸಿದಳು, ಗಡಿಯಾರದ ಎದುರು ಕೈಕಟ್ಟಿ ನಿಂತಳು. ಇಪ್ಪತ್ತೈದನೆಯ ನಿಮಿಷಕ್ಕೆ ಸೀದ ವಾಸನೆ ಮೂಗಿಗೆ ಬಡಿಯಿತು. ಬಾಗಿಲು ತೆಗೆದು ನೋಡಿದರೆ ಅಂಚು ಕಪ್ಪಾಗಿತ್ತು.

“ಈಗೇನಂತೀಯ?” ಎಂದ ತಮ್ಮ.

ಅಳತೆ ಅವಳದೇ, ಕೈ ಅವಳದೇ. ಬೇರೆಯದು ಎಂದರೆ ಓವನ್ ಒಂದೇ. ಅಷ್ಟು ಹೊಳೆದದ್ದೇ ತಡ, ಅವಳು ಲೋಟದ ನೀರಿಗೆ ಬೆರಳು ಅದ್ದಿ ಓವನ್ನಿನ ಕಬ್ಬಿಣದ ತಳಕ್ಕೆ ಚಿಮುಕಿಸಿದಳು. ಇಸ್ತ್ರಿಪೆಟ್ಟಿಗೆಗೆ ದಿನವೂ ಅವಳು ಮಾಡುವ ಪರೀಕ್ಷೆ ಅದು. ಹನಿ ಬಿದ್ದಲ್ಲೇ ಕೂತು ಚುಂಯ್ ಎಂದು ಆರಿದರೆ ಬಿಸಿ ಹದವಾಗಿದೆ. ಮುತ್ತಿನ ಹಾಗೆ ಉರುಳಿ ಓಡಿದರೆ ಬಟ್ಟೆ ಸುಡುತ್ತದೆ. ಇಲ್ಲಿ ಹನಿಗಳು ಮೂಲೆಯಿಂದ ಮೂಲೆಗೆ ಓಡಾಡಿದವು. ಮನೆಯ ಓವನ್ನಿನಲ್ಲಿ ಇನ್ನೂರ ಇಪ್ಪತ್ತಕ್ಕೆ ಒಂದು ಹನಿಯೂ ಕೂತ ಜಾಗ ಬಿಟ್ಟು ಕದಲಿದ್ದಿಲ್ಲ.

ಸಡಿಲವಾದ ಆ ಹಳೆಯ ನಾಬು ಹನ್ನೊಂದು ವರ್ಷ ಅವಳಿಗೆ ಇದ್ದುದಕ್ಕಿಂತ ಹೆಚ್ಚು ಬಿಸಿ ತೋರಿಸಿ ಸುಳ್ಳು ಹೇಳಿತ್ತು. ಬೇರೆ ಓವನ್ ಮುಟ್ಟಿ ನೋಡಿದ್ದರಲ್ಲವೇ ಗೊತ್ತಾಗುವುದು?

“ನನ್ನ ಓವನ್ನಿನ ನಂಬರೇ ತಪ್ಪು. ಚೀಟಿಲಿ ಬರೆದಿದ್ದು ಅದನ್ನೇ” ಎಂದಳು. “ನನಗೂ ಗೊತ್ತಿರಲಿಲ್ಲ. ನೀನು ಸುಳ್ಳು ಅಂದಿದ್ದು ಮಾತ್ರ ನಾನು ಮರೆಯಲ್ಲ.”

ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುವುದು, ಕಾಯುವುದು, ನೀರು ಚಿಮುಕಿಸುವುದು. ಐದನೆಯ ಸಲಕ್ಕೆ ಹನಿ ಬಿದ್ದಲ್ಲೇ ಕೂತು ಚುಂಯ್ ಎಂದಿತು. ಇನ್ನು ಅಂಕಿಯನ್ನು ನಂಬುವುದಿಲ್ಲವೆಂದು ಅವಳು ನಾಬಿನ ಅಂಕಿಗಳನ್ನು ಅಂಗೈಯಿಂದ ಮುಚ್ಚಿಕೊಂಡೇ ಅಲ್ಲಿಗೊಂದು ಸೀಮೆಸುಣ್ಣದ ಗೆರೆ ಎಳೆದಳು. ಎರಡನೆಯ ಹಾಳೆ ಹೊರಬಂದಾಗ ಮೇಲೆ ತೆಳ್ಳಗಿನ ಹೊಳಪಿನ ಪೊರೆ, ಕಡ್ಡಿ ಚುಚ್ಚಿದರೆ ತುದಿಗೆ ಎರಡೇ ಎರಡು ಒದ್ದೆ ಪುಡಿ. ಆರಲೆಂದು ಎರಡು ಗಂಟೆ ಕಾಯಿಸಿದಳು. ಚಾಕು ಹಿಡಿದು ಸುಳಿದಾಡುತ್ತಿದ್ದ ತಮ್ಮ ಹತ್ತಿರ ಬರಲು ಧೈರ್ಯ ಮಾಡಲಿಲ್ಲ.

ಕತ್ತರಿಸಿದ ಮೊದಲ ತುಂಡುಗಳನ್ನು ಕೊಂಡವರು ದಿನವೂ ಚಹಾಕ್ಕೆ ಬರುವ ನಿವೃತ್ತ ಮೇಷ್ಟ್ರು. ಅವರು ಕುರ್ಚಿಯ ಬಳಿ ಬಗ್ಗಿ ಅಮ್ಮನನ್ನೇ ಕೇಳಿದರು.

“ತಾಯಿ, ನಿಮ್ಮ ಬ್ರೌನಿ ಇಲ್ಲಿ ಮೆತ್ತಗಿರತ್ತೆ. ಮನೆಗೆ ತಗೊಂಡು ಹೋದ್ರೆ ಎರಡೇ ದಿನಕ್ಕೆ ಗಟ್ಟಿ. ಹೇಗೆ ಇಟ್ಕೋಬೇಕು ಹೇಳಿ.”

ಅಮ್ಮ ಮಗನ ಕಡೆ ನೋಡಿದಳು. ಅವನು ಇದ್ದಕ್ಕಿದ್ದಂತೆ ಲೋಟ ತೊಳೆಯತೊಡಗಿದ. ಆಮೇಲೆ ಮಗಳ ಕಡೆ ನೋಡಿದಳು. ಮಗಳಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಅಮ್ಮನೇ ನಿಜ ಹೇಳಲಿ ಎಂದು ಕಾದಳು, ಕೋಪದಿಂದ ಕಣ್ಣು ತುಂಬಿಕೊಂಡು ಕಾದಳು.

“ನಂಗೊತ್ತಿಲ್ಲ ಮೇಷ್ಟ್ರೇ” ಎಂದಳು ಅಮ್ಮ ಕೊನೆಗೆ, ತಲೆ ತಗ್ಗಿಸಿ. “ನಾನು ಒಂದು ದಿನವೂ ಮಾಡಿದೋಳಲ್ಲ. ಮಾಡೋಳು ಇವಳು. ಇವಳನ್ನೇ ಕೇಳಿ.”

ಮೇಷ್ಟ್ರು ತಲೆಯೆತ್ತಿ ಹೊರಗಿನ ಬೋರ್ಡನ್ನೂ ಇವಳನ್ನೂ ನೋಡಿದರು.

“ಡಬ್ಬಿ ಮುಚ್ಚಳ ಬಿಗಿಯಾಗಿರ್ಬೇಕು” ಎಂದಳು ಇಸ್ತ್ರಿ ಅಕ್ಕ. “ಒಳಗೆ ಒಂದು ತುಂಡು ಬ್ರೆಡ್ ಇಡಿ. ತನ್ನ ಪಸೆಯೆಲ್ಲ ಬ್ರೌನಿಗೆ ಕೊಟ್ಟು ಬ್ರೆಡ್ ಒಣಗತ್ತೆ. ಬ್ರೌನಿ ಮೆತ್ತಗೇ ಉಳಿಯತ್ತೆ.”

“ಆಮೇಲೆ ಆ ಬ್ರೆಡ್ಡು?”

“ಅದನ್ನ ಇಷ್ಟು ವರ್ಷದಲ್ಲಿ ಕೇಳಿದೋರು ನೀವೊಬ್ರೇ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮೇಷ್ಟ್ರು ಪೊಟ್ಟಣ ಹಿಡಿದು ಇವಳಿಗೆ ಕೈಮುಗಿದು ಹೊರಟರು. ಅವರು ಮೆಟ್ಟಿಲಿಳಿದದ್ದೇ ತಡ, ತಮ್ಮ ಹತ್ತಿರ ಬಂದು ದನಿ ತಗ್ಗಿಸಿದ.

“ಅಮ್ಮನೇ ಎಲ್ಲರ ಮುಂದೆ ಹೇಳಾಯ್ತಲ್ಲ ಅಕ್ಕ. ಇನ್ನು ಆ ಬೋರ್ಡಿನ ಮೇಲೆ ಯಾಕೆ ಕೋಪ? ಈಗ ತಾನೇ ಮಾಡ್ಸಿದ್ದು, ಇರ್ಲಿ ಬಿಡು. ಶನಿವಾರಕ್ಕೆ ಈ ಗೆರೆಗೇ ಇಡ್ಲಾ?”

ಅವಳು ಓವನ್ನಿನ ಹತ್ತಿರ ಹೋದಳು. ನಾಬನ್ನು ಸೊನ್ನೆಗೆ ತಿರುಗಿಸಿದಳು. ಹೆಬ್ಬೆರಳಿಗೆ ಉಗುಳು ಹಚ್ಚಿ ಸೀಮೆಸುಣ್ಣದ ಗೆರೆಯನ್ನು ಒಂದಿಷ್ಟೂ ಗುರುತಿಲ್ಲದಂತೆ ಉಜ್ಜಿ ಅಳಿಸಿದಳು. ಆ ಗೆರೆ ಯಾವ ಅಂಕಿಗೆ ನೇರವಾಗಿತ್ತೆಂದು ತಮ್ಮ ನೋಡಿಟ್ಟುಕೊಂಡಿರಲಿಲ್ಲ.

“ಬೋರ್ಡ್ ಇಳಿಸಿದ ದಿನ ಕರಿ” ಎಂದು ಕೋಕೋ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. “ಹೊಸಾದ್ರಲ್ಲಿ ಏನು ಬರೀಬೇಕು ಅಂತ ಮೊನ್ನೆ ನೀನೇ ಹೇಳಿದೀಯ.”